ದಿಂಬಿನ ಮೇಲಿನ ಹೆಣಿಗೆ: ಬಾಬಿನ್ ಲೇಸಿನ ಬೋಧನೆಯ ಚರಿತ್ರೆ ಮತ್ತು ದಕ್ಷಿಣ ಬೆಂಗಳೂರಿನ ಕುಚ್ಚು

೧. ಪ್ರವೇಶ

ಚರಿತ್ರೆಯ ಆಕರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ಬರೆಹ ಇವೇ ನಮ್ಮ ನೆನಪಿಗೆ ಬರುತ್ತವೆ. ಕೈಯಿಂದ ಕೈಗೆ ದಾಟಿ ಬಂದ ವಿದ್ಯೆಯೂ ಒಂದು ಆಕರವೆಂಬುದನ್ನು ನಾವು ಅಷ್ಟಾಗಿ ಮನಗಂಡಿಲ್ಲ. ನೇಯ್ಗೆ, ಕಸೂತಿ, ಹೆಣಿಗೆ ಮೊದಲಾದ ಕಸಬುಗಳನ್ನು ಕುರಿತು ಬರೆಯುವಾಗಲೂ ನಾವು ಸಾಮಾನ್ಯವಾಗಿ ಸಿದ್ಧವಾದ ವಸ್ತುವಿನ ಅಂದವನ್ನು ವರ್ಣಿಸಿ ತೃಪ್ತರಾಗುತ್ತೇವೆ. ಅದನ್ನು ಮಾಡಿದವರು ಮೊದಲ ದಿನ ಏನನ್ನು ಕಲಿತರು, ಅವರಿಗೆ ಯಾರು ಕಲಿಸಿದರು, ಎಷ್ಟನ್ನು ಕಲಿಸಿ ಎಷ್ಟನ್ನು ಕಲಿಸದೆ ಉಳಿಸಿಕೊಂಡರು ಎಂಬುದನ್ನು ಕೇಳುವುದಿಲ್ಲ.

ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಬಾಬಿನ್ ಲೇಸ್ ಎಂಬ ಹೆಣಿಗೆಯನ್ನು ನಿದರ್ಶನವಾಗಿಟ್ಟುಕೊಂಡು ಸಂಗ್ರಹವಾಗಿ ವಿವೇಚಿಸಲು ಯತ್ನಿಸಿದ್ದೇವೆ. ಈ ಕಲೆ ಯೂರೋಪಿನದು. ನಮ್ಮ ನಾಡಿನಲ್ಲಿ ಅದು ಬೇರೂರಲಿಲ್ಲ. ಆದರೂ ಅದಕ್ಕೆ ತೀರ ಹತ್ತಿರದ ನೆಂಟನಾದ ಸೆರಗಿನ ಕುಚ್ಚು ಇಂದು ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಲ್ಲಿ ಮನೆಮನೆಯ ಕೆಲಸವಾಗಿದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ತಿಳಿದುಬರುವ ಒಂದು ಸಂಗತಿಯಿದೆ. ಹೊಸಬರಿಗೆ ಕೊಡುವ ಮೊದಲ ಪಾಠವು ಕೇವಲ ಬೋಧನಕ್ರಮದ ವಿಷಯವಲ್ಲ. ಅದು ಕಸಬಿನ ಒಡೆತನದ ವಿಷಯವೂ ಹೌದು. ಇದನ್ನು ತೋರಿಸುವುದೇ ನಮ್ಮ ಉದ್ದೇಶ. ಜೊತೆಗೆ, ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬಹುದಾದ ಮೂರು ಸುಲಭ ಅಭ್ಯಾಸಗಳನ್ನೂ ಕೊಟ್ಟಿದ್ದೇವೆ. ಏಕೆಂದರೆ ಈ ವಿಷಯವನ್ನು ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಸುಲಭ.

ಹೆಸರಿನ ಬಗೆಗೆ ಒಂದು ಮಾತು. ಕನ್ನಡದಲ್ಲಿ ‘ಲೇಸು’ ಎಂದರೆ ಒಳ್ಳೆಯದು. ಅಂಗಡಿಯ ‘ಲೇಸ್’ ಇಂಗ್ಲಿಷಿನಿಂದ ಬಂದುದು. ಅದರ ಮೂಲ ಲ್ಯಾಟಿನ್ ಭಾಷೆಯ, ಕುಣಿಕೆ ಎಂಬ ಅರ್ಥದ ಶಬ್ದ. ಎರಡಕ್ಕೂ ಸಂಬಂಧವಿಲ್ಲ. ಕುಣಿಕೆ ಎಂಬ ಮೂಲಾರ್ಥವನ್ನು ಮಾತ್ರ ಓದುಗರು ಮುಂದಕ್ಕೂ ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

೨. ಕ್ರಿಯೆಯ ಸ್ವರೂಪ

ಲೇಸಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದೇ ದಾರವನ್ನು ಸೂಜಿಗೆ ಪೋಣಿಸಿ ಕುಣಿಕೆಯ ಮೇಲೆ ಕುಣಿಕೆ ಹಾಕಿ ಕಟ್ಟುವುದು ಸೂಜಿಯ ಲೇಸು. ಅನೇಕ ದಾರಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವುದು ಬಾಬಿನ್ ಲೇಸು. ಕೊಕ್ಕೆಕಡ್ಡಿಯಿಂದ ಮಾಡುವ ಕ್ರೋಶಾ ಇವೆರಡಕ್ಕಿಂತ ಬೇರೆಯಾದುದು.

ಬಾಬಿನ್ ಲೇಸಿಗೆ ಬೇಕಾದ ಸಾಧನಗಳು ನಾಲ್ಕು: ಗಟ್ಟಿಯಾಗಿ ತುಂಬಿದ ದಿಂಬು, ರಂಧ್ರಗಳಿರುವ ನಕ್ಷೆ, ಗುಂಡುಸೂಜಿಗಳು ಮತ್ತು ದಾರ ಸುತ್ತಿದ ಸಣ್ಣ ಮರದ ಕಡ್ಡಿಗಳು. ಈ ಕಡ್ಡಿಗಳಿಗೇ ಬಾಬಿನ್ ಎಂದು ಹೆಸರು. ನಮ್ಮ ನೇಕಾರರ ಕಂಡಿಕೆಯಂತೆ ಇದೂ ದಾರವನ್ನು ಹಿಡಿದಿಡುತ್ತದೆ; ಆದರೆ ಇಲ್ಲಿ ಅದಕ್ಕೆ ಎರಡನೆಯ ಕೆಲಸವೊಂದಿದೆ. ತನ್ನ ತೂಕದಿಂದ ದಾರವನ್ನು ಸದಾ ಬಿಗಿಯಾಗಿ ಎಳೆದಿರುತ್ತದೆ. ಕಡ್ಡಿಗಳನ್ನು ಯಾವಾಗಲೂ ಜೋಡಿ ಜೋಡಿಯಾಗಿಯೇ ಬಳಸುತ್ತಾರೆ. ಒಂದು ದಾರದ ಎರಡು ತುದಿಗಳಿಗೆ ಎರಡು ಕಡ್ಡಿಗಳನ್ನು ಸುತ್ತಿ, ದಾರದ ನಡುವನ್ನು ಗುಂಡುಸೂಜಿಗೆ ತೂಗುಹಾಕಿದರೆ ಒಂದು ಜೋಡಿಯಾಯಿತು.

ಚಲನೆಗಳು ಎರಡೇ. ಎರಡು ಜೋಡಿಗಳ ನಾಲ್ಕು ದಾರಗಳನ್ನು ಎಡದಿಂದ ಬಲಕ್ಕೆ 1, 2, 3, 4 ಎಂದು ಎಣಿಸೋಣ. 2ನೆಯ ದಾರವನ್ನು 3ನೆಯದರ ಮೇಲೆ ಹಾಯಿಸುವುದನ್ನು ‘ದಾಟು’ ಎಂದು ಕರೆಯೋಣ. ಬಳಿಕ ಒಂದೊಂದು ಜೋಡಿಯಲ್ಲಿಯೂ ಬಲಗಡೆಯ ದಾರವನ್ನು ಎಡಗಡೆಯದರ ಮೇಲೆ ಹಾಯಿಸುವುದನ್ನು, ಎಂದರೆ 2ನ್ನು 1ರ ಮೇಲೆ, 4ನ್ನು 3ರ ಮೇಲೆ ತರುವುದನ್ನು, ‘ಹೊರಳು’ ಎಂದು ಕರೆಯೋಣ. ಅಂಕಗಳು ಸ್ಥಾನಕ್ಕೆ ಸೇರಿದವು, ದಾರಕ್ಕಲ್ಲ. ಪ್ರತಿ ಚಲನೆಯ ನಂತರ ಹೊಸದಾಗಿ ಎಣಿಸಬೇಕು. ಜಗತ್ತಿನ ಬಾಬಿನ್ ಲೇಸೆಲ್ಲವೂ ಈ ಎರಡು ಚಲನೆಗಳ ಬಗೆಬಗೆಯ ಸಂಯೋಜನೆಯಿಂದಲೇ ಆದುದು.

ನಮ್ಮ ಓದುಗರಿಗೆ ಇದು ಅಪರಿಚಿತವೇನಲ್ಲ. ಜಡೆ ಕೋಲಾಟವನ್ನು ಕಂಡವರು ನೆನಪಿಸಿಕೊಳ್ಳಲಿ. ಮೇಲಿನಿಂದ ಇಳಿಬಿಟ್ಟ ಹಗ್ಗಗಳ ತುದಿಗಳನ್ನು ಹಿಡಿದು ಆಟಗಾರರು ಒಬ್ಬರನ್ನೊಬ್ಬರು ದಾಟುತ್ತ ಸುತ್ತುತ್ತಾರೆ. ಹಗ್ಗಗಳು ಜಡೆಯಾಗಿ ಹೆಣೆದುಕೊಳ್ಳುತ್ತವೆ. ಹೆಜ್ಜೆಗಳನ್ನು ಹಿಂದುಮುಂದಾಗಿ ಇಟ್ಟರೆ ಜಡೆ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಆಟಗಾರರು ಮಾಡುವುದನ್ನು ಇಲ್ಲಿ ಕಡ್ಡಿಗಳು ಮಾಡುತ್ತವೆ. ಕೋಲಾಟದಲ್ಲಿ ಒಬ್ಬನು ಹೆಜ್ಜೆ ತಪ್ಪಿದರೆ ಜಡೆ ಕೆಡುವಂತೆ ಇಲ್ಲಿಯೂ ಒಂದು ದಾಟು ತಪ್ಪಿದರೆ ಕೆಲಸವು ಕೆಡುತ್ತದೆ. ಹೆಜ್ಜೆ ಹಿಂತೆಗೆದರೆ ಸರಿಪಡಿಸಲೂಬಹುದು.

೩. ಯೂರೋಪಿನಲ್ಲಿ ಬೋಧನೆ ನಡೆದುಬಂದ ಬಗೆ

ಬಾಬಿನ್ ಲೇಸು ಹದಿನಾರನೆಯ ಶತಮಾನದ ಇಟಲಿಯಲ್ಲಿ ಸ್ಪಷ್ಟರೂಪವನ್ನು ತಳೆಯಿತು. ಉಡುಪಿನ ಅಂಚಿಗೆ ಹೊಲಿಯುತ್ತಿದ್ದ ಹೆಣೆದ ಪಟ್ಟಿಗಳು ಮತ್ತು ಗಂಟುಹಾಕಿದ ಜಾಲರಿಗಳು ಅದರ ಪೂರ್ವರೂಪಗಳೆಂದು ಪರಿಗಣಿಸಲಾಗಿದೆ. 1557ರಲ್ಲಿ ವೆನಿಸ್ ನಗರದಲ್ಲಿ ‘ಲೆ ಪೊಂಪೆ’ ಎಂಬ ನಕ್ಷೆಗಳ ಪುಸ್ತಕವು ಅಚ್ಚಾಯಿತು. ಅನಂತರ, 1561ರ ಸುಮಾರಿಗೆ, ಜ್ಯೂರಿಕ್ ನಗರದಲ್ಲಿ ಮತ್ತೊಂದು ಪುಸ್ತಕ ಹೊರಬಂದಿತು. ಅದರ ಕರ್ತೃವಿನ ಹೆಸರು ನಮಗೆ ಆರ್. ಎಂ. ಎಂಬ ಎರಡು ಅಕ್ಷರಗಳಲ್ಲಿ ಮಾತ್ರ ಉಳಿದಿದೆ. ಈಕೆ ಲೇಸನ್ನು ಕಲಿಸುತ್ತಿದ್ದ ಮಹಿಳೆಯೆಂದು ವಿದ್ವಾಂಸರು ಭಾವಿಸುತ್ತಾರೆ. 1536ರಲ್ಲಿ ಇಟಲಿಯ ವರ್ತಕರು ಈ ಕಲೆಯನ್ನು ತಮ್ಮ ನಾಡಿಗೆ ತಂದರೆಂದೂ, ಚತುರೆಯರಾದ ಸ್ತ್ರೀಯರು ಅದನ್ನು ನೋಡಿ ಕಲಿತು ಬೆಳೆಸಿದರೆಂದೂ ಆಕೆ ಮುನ್ನುಡಿಯಲ್ಲಿ ತಿಳಿಸುತ್ತಾಳೆ.

ಈ ಪುಸ್ತಕಗಳ ಮಹತ್ತ್ವವೇನು? ನಕ್ಷೆಯು ಅಚ್ಚಾಗಿ ಮಾರಾಟಕ್ಕೆ ಬಂದಾಗ ಅದನ್ನು ಕೊಂಡ ಯಾರಾದರೂ ಸರಿಯೆ, ಹಣದ ಆಶ್ರಯಕ್ಕಾಗಲಿ ವರ್ತಕನ ಅನುಮತಿಗಾಗಲಿ ಕಾಯದೆ ಕೆಲಸವನ್ನು ಆರಂಭಿಸಬಹುದಾಗಿತ್ತು. ಕಲಿಯುವವಳ ಕೈಯಲ್ಲಿ ದಾರವೂ ಇತ್ತು, ನಕ್ಷೆಯೂ ಇತ್ತು.

ಮುಂದಿನ ಶತಮಾನಗಳಲ್ಲಿ ಈ ಸ್ಥಿತಿ ಬದಲಾಯಿತು. ಲೇಸಿನ ಬೇಡಿಕೆ ಹೆಚ್ಚಿದಂತೆಲ್ಲ ವರ್ತಕನು ದಾರವನ್ನೂ ನಕ್ಷೆಯನ್ನೂ ಮನೆಗಳಿಗೆ ಹಂಚಿ ಸಿದ್ಧವಸ್ತುವನ್ನು ಕೊಳ್ಳುವ ಪದ್ಧತಿ ಬಲವಾಯಿತು. ಇಂಗ್ಲೆಂಡಿನ ಬೆಡ್‌ಫರ್ಡ್, ಬಕಿಂಗ್‌ಹ್ಯಾಮ್, ನಾರ್ತಾಂಪ್ಟನ್ ಪ್ರಾಂತಗಳ ಹಳ್ಳಿಗಳಲ್ಲಿ ‘ಲೇಸ್ ಶಾಲೆ’ಗಳು ಎದ್ದವು. ಐದಾರು ವರ್ಷದ ಮಕ್ಕಳೇ ಅಲ್ಲಿ ದಿಂಬಿನ ಮುಂದೆ ಕುಳಿತರು. ಸೂಜಿಗಳ ಲೆಕ್ಕ ತಪ್ಪದಿರಲೆಂದು ಮಕ್ಕಳು ಒಟ್ಟಾಗಿ ರಾಗವಾಗಿ ಹೇಳುತ್ತಿದ್ದ ಎಣಿಕೆಯ ಪದಗಳು ಇಂಗ್ಲಿಷ್ ಜಾನಪದದ ಸಂಗ್ರಹಗಳಲ್ಲಿ ಉಳಿದಿವೆ. ಶಾಲೆಯೆಂಬ ಹೆಸರಿದ್ದರೂ ಅಲ್ಲಿ ಪ್ರಧಾನವಾದುದು ದುಡಿಮೆ. 1867ರ ಕಾನೂನು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಇಂಥ ಕೈಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿತು. 1870ರ ಶಿಕ್ಷಣ ಶಾಸನವು ಸಾಮಾನ್ಯ ಶಾಲೆಗಳನ್ನು ಹರಡಿತು. ಲೇಸ್ ಶಾಲೆಗಳು ಕ್ರಮೇಣ ಮರೆಯಾದವು. ಆ ವೇಳೆಗಾಗಲೇ ಯಂತ್ರದ ಪೈಪೋಟಿಯೂ ಪ್ರಬಲವಾಗಿತ್ತು. ಜಾನ್ ಹೀತ್‌ಕೋಟ್ ಎಂಬಾತನು 1808-09ರಲ್ಲಿ ಬಾಬಿನ್ ಜಾಲರಿಯನ್ನು ನೇಯುವ ಯಂತ್ರಗಳಿಗೆ ಹಕ್ಕುಪತ್ರ ಪಡೆದನು. 1816ರಲ್ಲಿ ಲಫ್‌ಬರೋ ಊರಿನ ಅವನ ಕಾರ್ಖಾನೆಯ ಯಂತ್ರಗಳನ್ನು ಜನರು ಒಡೆದುಹಾಕಿದರು. ಅವನು ಟಿವರ್ಟನ್ ಎಂಬ ಊರಿಗೆ ಸಾಗಿ ಅಲ್ಲಿ ಉದ್ಯಮವನ್ನು ಮುಂದುವರಿಸಿದನು.

ಇದೇ ಚರಿತ್ರೆಗೆ ಬೇರೊಂದು ಮುಖವೂ ಉಂಟು. ಇಂದಿನ ಸ್ಲೊವೇನಿಯಾದ ಇದ್ರಿಯಾ ಪಟ್ಟಣದಲ್ಲಿ 1876ರಲ್ಲಿ ಆರಂಭವಾದ ಲೇಸ್ ಶಾಲೆ ಇಂದಿಗೂ ನಡೆಯುತ್ತಿದೆ. ಸ್ಲೊವೇನಿಯಾದ ಬಾಬಿನ್ ಲೇಸನ್ನು ಯುನೆಸ್ಕೊ ಸಂಸ್ಥೆಯು 2018ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯಂತ್ರವು ಬಂದೊಡನೆ ಕೈಕಸಬು ಅಳಿಯುವುದು ಅನಿವಾರ್ಯವೆಂಬ ಸಾಮಾನ್ಯ ನಂಬಿಕೆಯನ್ನು ಇದು ಪ್ರಶ್ನಿಸುತ್ತದೆ.

೪. ದಕ್ಷಿಣ ಭಾರತಕ್ಕೆ ಆಗಮನ

ದಕ್ಷಿಣ ಭಾರತದಲ್ಲಿ ದಿಂಬಿನ ಲೇಸಿನ ಪ್ರಸಿದ್ಧ ನೆಲೆ ನಾಗರಕೋಯಿಲ್. ಅದು ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿತ್ತು. 1956ರಿಂದ ಈಚೆಗೆ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಲಂಡನ್ ಮಿಷನ್ನಿನ ಚಾರ್ಲ್ಸ್ ಮಾಲ್ಟ್ ಮತ್ತು ಆತನ ಪತ್ನಿ ಮಾರ್ಥಾ ಮಾಲ್ಟ್ 1819ರ ಕೊನೆಗೆ ಅಲ್ಲಿಗೆ ಬಂದರು. 1820ರ ದಶಕದ ಆರಂಭದಲ್ಲಿ ಮಾರ್ಥಾ ಮಾಲ್ಟ್ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಲೇಸನ್ನು ಕಲಿಸತೊಡಗಿದಳು. ಅದರ ಆದಾಯ ಶಾಲೆಯ ವೆಚ್ಚಕ್ಕೆ ನೆರವಾಯಿತು. ಜೀತದಲ್ಲಿ ಹುಟ್ಟಿದ ಕೆಲವು ಹುಡುಗಿಯರು ಲೇಸಿನಿಂದ ಬಂದ ಹಣದಿಂದ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರೆಂದು ಮಿಷನ್ ಬರೆಹಗಳು ಹೇಳುತ್ತವೆ. ತಿರುವಾಂಕೂರಿನಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ರದ್ದಾದುದು 1855ರಲ್ಲಿ. ಕೆಳಜಾತಿಯ ಹೆಂಗಸರು ಮೈಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿ ನಡೆದ ದೀರ್ಘ ಹೋರಾಟದಲ್ಲಿ ಸಂಸ್ಥಾನದ ಘೋಷಣೆ ಹೊರಟುದು 1859ರಲ್ಲಿ. ಈ ಹಿನ್ನೆಲೆಯಲ್ಲಿ ನೋಡಿದರೆ, ಉಡುಪಿನ ಅಂಚನ್ನು ಅಲಂಕರಿಸುವ ವಿದ್ಯೆಯನ್ನು ಉಡುಪಿನ ಹಕ್ಕೇ ಇಲ್ಲದವರು ಕಲಿತರೆಂಬುದು ಚರಿತ್ರೆಯ ವಿದ್ಯಾರ್ಥಿಯು ಮರೆಯಬಾರದ ಸಂಗತಿ.

ಇದೇ ಲಂಡನ್ ಮಿಷನ್ 1820ರಿಂದ ಬೆಂಗಳೂರಿನಲ್ಲಿಯೂ ಕೆಲಸ ಮಾಡುತ್ತಿತ್ತು. ರೈಸ್ ಮತ್ತು ಸೀವೆಲ್ ಎಂಬ ಮಿಷನರಿಗಳ ಪತ್ನಿಯರು 1840ರಲ್ಲಿ ಇಲ್ಲಿ ಕನ್ನಡ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಆ ರೈಸ್ ದಂಪತಿಗಳ ಮಗನೇ ‘ಎಪಿಗ್ರಾಫಿಯ ಕರ್ನಾಟಿಕ’ದ ಬಿ. ಎಲ್. ರೈಸ್ ಎಂಬುದು ನಮ್ಮ ಓದುಗರಿಗೆ ಆಸಕ್ತಿಕರವಾದೀತು. ಮಗನು ಸಂಪಾದಿಸಿದ ಶಾಸನಗಳನ್ನು ನಾವು ದಿನವೂ ಉಲ್ಲೇಖಿಸುತ್ತೇವೆ. ತಾಯಿಯು ಕಲಿಸಿದ ಪಾಠಗಳನ್ನು ಕುರಿತು ಒಂದು ವಾಕ್ಯವನ್ನೂ ಬರೆಯುವುದಿಲ್ಲ.

ಆಂಧ್ರದ ನರಸಾಪುರದ ನಿದರ್ಶನ ಇದಕ್ಕಿಂತ ಭಿನ್ನ. ಅಲ್ಲಿಯದು ಕ್ರೋಶಾ ಲೇಸು. ಅದೂ ಮಿಷನರಿಗಳ ಮೂಲಕವೇ ಬಂದುದು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯ ಮೀಸ್ 1982ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಉದ್ಯಮವನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಅಲ್ಲಿ ಕೆಲಸವು ತುಂಡುತುಂಡಾಗಿ ಹಂಚಿಹೋಗಿತ್ತು. ಕೆಲವರು ಹೂಗಳನ್ನು ಮಾತ್ರ ಮಾಡಿದರೆ ಮತ್ತೆ ಕೆಲವರು ಅವನ್ನು ಕೂಡಿಸುತ್ತಿದ್ದರು. ದಾರವು ವರ್ತಕನಿಂದ ಬರುತ್ತಿತ್ತು, ಸರಕು ವರ್ತಕನಿಗೆ ಸೇರುತ್ತಿತ್ತು. ದಿನಕ್ಕೆ ಅನೇಕ ಗಂಟೆ ದುಡಿದು ಜಾಗತಿಕ ಮಾರುಕಟ್ಟೆಗೆ ಸರಕನ್ನು ಒದಗಿಸುತ್ತಿದ್ದ ಆ ಹೆಂಗಸರನ್ನು ಸಮಾಜವು ‘ಮನೆಯಲ್ಲಿ ಕುಳಿತ ಗೃಹಿಣಿಯರು’ ಎಂದೇ ಪರಿಗಣಿಸಿತ್ತು; ಅವರ ದುಡಿಮೆ ಬಿಡುವಿನ ವೇಳೆಯ ಹವ್ಯಾಸವೆನಿಸಿಕೊಂಡಿತ್ತು. ಕೂಲಿ ಕಡಿಮೆಯಾಗಿರುವುದಕ್ಕೆ ಈ ಹೆಸರೇ ಆಧಾರವಾಗಿತ್ತೆಂಬುದು ಮೀಸ್ ಅವರ ಮುಖ್ಯ ವಾದ.

೫. ಸೀರೆಯ ಅಂಚು ಮತ್ತು ಸೆರಗಿನ ಕುಚ್ಚು

ಕರ್ನಾಟಕದಲ್ಲಿ ದಿಂಬಿನ ಲೇಸು ಏಕೆ ಬೇರೂರಲಿಲ್ಲ? ಇದಕ್ಕೆ ಉತ್ತರವನ್ನು ನಮ್ಮ ಉಡುಪಿನ ರಚನೆಯಲ್ಲಿಯೇ ಹುಡುಕಬೇಕೆಂದು ತೋರುತ್ತದೆ. ಯೂರೋಪಿನ ಉಡುಪು ಕತ್ತರಿಸಿ ಹೊಲಿದುದು. ಕತ್ತರಿಸಿದ ಬಟ್ಟೆಗೆ ಕೊರಳು, ತೋಳು, ಕೆಳತುದಿಗಳಲ್ಲೆಲ್ಲ ಬರಿಯ ಅಂಚು ಉಳಿಯುತ್ತದೆ. ಆ ಅಂಚನ್ನು ಮುಚ್ಚಿ ಅಂದಗೊಳಿಸುವುದಕ್ಕೆ ಲೇಸು ಹುಟ್ಟಿತು. ಸೀರೆಯಾದರೋ ಮಗ್ಗದ ಮೇಲೆಯೇ ಪೂರ್ಣವಾಗುವ ವಸ್ತು. ಉದ್ದದ ಎರಡು ಅಂಚುಗಳನ್ನೂ ನೇಕಾರನು ನೇಯುವಾಗಲೇ ಮುಗಿಸಿರುತ್ತಾನೆ. ಮೈಮೇಲಿನ ಅಲಂಕಾರ ಬೇಕೆಂದವರಿಗೆ ಧಾರವಾಡದ ಕಡೆಯ ಕಸೂತಿ ಇತ್ತು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಅದರ ನಾಲ್ಕು ಹೊಲಿಗೆಗಳೂ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು, ಅಂಚು ಕಟ್ಟುವಂಥವಲ್ಲ.

ಸೀರೆಯಲ್ಲಿ ಮಗ್ಗವು ಮುಗಿಸದೆ ಬಿಡುವ ಸ್ಥಳ ಒಂದೇ: ಸೆರಗಿನ ತುದಿ. ಅಲ್ಲಿ ಹಾಸಿನ ಎಳೆಗಳು ಹೊಕ್ಕಿಲ್ಲದೆ ಸಡಿಲವಾಗಿ ನಿಲ್ಲುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಆದುದರಿಂದ ಎಳೆಗಳನ್ನು ಗೊಂಚಲು ಗೊಂಚಲಾಗಿ ಹಿಡಿದು ಗಂಟುಹಾಕುವುದು ಮೊದಲಿಗೆ ಅಲಂಕಾರವಾಗಿರದೆ ಅವಶ್ಯಕತೆಯಾಗಿತ್ತು. ಒಂದು ಗೊಂಚಲಿನ ಅರ್ಧವನ್ನು ಪಕ್ಕದ ಗೊಂಚಲಿನ ಅರ್ಧಕ್ಕೆ ಸೇರಿಸಿ ಎರಡನೆಯ ಸಾಲಿನ ಗಂಟು ಹಾಕಿದೊಡನೆ ಜಾಲರಿಯೊಂದು ಹುಟ್ಟುತ್ತದೆ. ಯೂರೋಪಿನಲ್ಲಿ ಲೇಸಿಗೆ ಪೂರ್ವರೂಪವಾದ ಗಂಟಿನ ಜಾಲರಿಯೂ ಇದೇ ಕ್ರಿಯೆಯಿಂದ ಹುಟ್ಟಿದುದು. ಒಂದೇ ಬೀಜವು ಅಲ್ಲಿ ದಿಂಬನ್ನು ಏರಿತು. ಇಲ್ಲಿ ಸೆರಗಿನಲ್ಲಿಯೇ ಉಳಿಯಿತು.

ಇಂದಿನ ಕುಚ್ಚು ಈ ಸರಳಸ್ಥಿತಿಯಿಂದ ಬಹುದೂರ ಬಂದಿದೆ. ಸೀರೆಯ ಬಣ್ಣಕ್ಕೆ ಹೊಂದುವ ದಾರವನ್ನು ಬೇರೆಯಾಗಿ ತಂದು ಗೊಂಚಲು ಕಟ್ಟುವುದು, ನಡುನಡುವೆ ಮಣಿ ಪೋಣಿಸುವುದು, ಕ್ರೋಶಾ ಕಡ್ಡಿಯಿಂದ ಕಮಾನುಗಳನ್ನು ಕಟ್ಟಿ ಅದರಿಂದ ಕುಚ್ಚು ಇಳಿಬಿಡುವುದು, ಹೀಗೆ ಬಗೆಗಳು ಬೆಳೆದಿವೆ. ದಕ್ಷಿಣ ಬೆಂಗಳೂರಿನ ಬ್ಲೌಸ್ ಹೊಲಿಯುವ ಅಂಗಡಿಗಳಲ್ಲಿಯೂ ಮ್ಯಾಚಿಂಗ್ ಸೆಂಟರುಗಳಲ್ಲಿಯೂ ಸೀರೆಗೆ ಕುಚ್ಚು ಕಟ್ಟಿಕೊಡುವ ಫಲಕಗಳನ್ನು ಕಾಣಬಹುದು. ಅಂಗಡಿಯಲ್ಲಿ ಕೊಟ್ಟ ಸೀರೆ ಸಾಮಾನ್ಯವಾಗಿ ಯಾವುದೋ ಮನೆಗೆ ಹೋಗಿ, ಅಲ್ಲಿ ಹೆಣ್ಣೊಬ್ಬಳ ಕೈಯಲ್ಲಿ ಕುಚ್ಚು ಕಟ್ಟಿಸಿಕೊಂಡು, ಮತ್ತೆ ಅಂಗಡಿಗೆ ಬರುತ್ತದೆ. ಇಂಗ್ಲೆಂಡಿನ ಲೇಸ್ ವರ್ತಕನ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆಯನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ದಾರಕ್ಕೆ ಸಂಬಂಧಿಸಿದ ಚರಿತ್ರೆ ಈ ಪ್ರದೇಶಕ್ಕೆ ಹೊಸದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜೆ. ಎನ್. ಟಾಟಾ ಅವರು ಜಪಾನೀ ಪರಿಣತರ ನೆರವಿನಿಂದ ಬೆಂಗಳೂರಿನಲ್ಲಿ ಮಾದರಿ ರೇಷ್ಮೆ ತೋಟವೊಂದನ್ನು ಸ್ಥಾಪಿಸಿದರು. ಮುಂದೆ ಅದು ಸಾಲ್ವೇಷನ್ ಆರ್ಮಿಯ ಆಡಳಿತಕ್ಕೆ ಬಂದಿತು. ಬಸವನಗುಡಿ ಜಯನಗರಗಳ ಸೆರಗಿನಲ್ಲಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಸ್ಥಳನಾಮವಾಗಿ ಅದರ ನೆನಪು ಉಳಿದಿದೆ. 1948ರಲ್ಲಿ ಜಯನಗರ ಬಡಾವಣೆಗೆ ಅಸ್ತಿಭಾರ ಬಿದ್ದಿತು. ಅದೇ ವರ್ಷದ ಕಾಯಿದೆಯಂತೆ ರಚಿತವಾದ ಕೇಂದ್ರ ರೇಷ್ಮೆ ಮಂಡಳಿಯ ಕಛೇರಿ ಇಂದು ಬಿ. ಟಿ. ಎಂ. ಬಡಾವಣೆಯಲ್ಲಿದೆ. ಹುಳುವಿನ ಬಗೆಗೆ, ಗೂಡಿನ ಬಗೆಗೆ, ನೂಲು ಬಿಚ್ಚುವ ಯಂತ್ರದ ಬಗೆಗೆ ಸಂಸ್ಥೆಗಳುಂಟು, ಕಡತಗಳುಂಟು. ಅದೇ ನೂಲಿನ ಕೊನೆಯ ಗಂಟನ್ನು ಹಾಕುವ ಕೈಯ ಬಗೆಗೆ ಮಾತ್ರ ಕಡತವಿಲ್ಲ.

೬. ಮೂರು ಅಭ್ಯಾಸಗಳು

ಕೆಳಗಿನ ಅಭ್ಯಾಸಗಳಿಗೆ ದುಬಾರಿ ಸಾಧನಗಳು ಬೇಡ. ಎರಡು ಅಂಗುಲ ದಪ್ಪದ ಥರ್ಮೋಕೋಲ್ ಹಲಗೆಗೆ ಗಾಢಬಣ್ಣದ ಹತ್ತಿಬಟ್ಟೆ ಹೊದಿಸಿದರೆ ದಿಂಬಾಯಿತು. ಭತ್ತದ ಹುಲ್ಲನ್ನು ಗಟ್ಟಿಯಾಗಿ ತುಂಬಿದ ಚೀಲವೂ ಆದೀತು. ಕಡ್ಡಿಗಳ ಬದಲಿಗೆ ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪುಗಳನ್ನೋ ತುಂಡು ಪೆನ್ಸಿಲುಗಳನ್ನೋ ಬಳಸಬಹುದು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ತಿರುಗಣೆಯಲ್ಲಿ ಕಡೆದು ಅರಗು ಬಳಿಯುವ ವಿದ್ಯೆಯಲ್ಲಿ ನಿಪುಣರು. ಅವರಿಂದ ಕಡ್ಡಿಗಳನ್ನು ಮಾಡಿಸಿದರೆ ಕೆಲಸಕ್ಕೂ ಒಳಿತು, ಕಣ್ಣಿಗೂ ಹಿತ. ದಾರಕ್ಕೆ 20ನೆಯ ಅಂಕದ ಕ್ರೋಶಾ ಹತ್ತಿನೂಲು ಸಾಕು. ನುಣುಪಾದ ರೇಷ್ಮೆದಾರ ಜಾರುವುದರಿಂದ ಮೊದಲಿಗೆ ಅದು ಬೇಡ.

ಮೊದಲನೆಯ ಅಭ್ಯಾಸ: ನಾಲ್ಕೆಳೆಯ ಜಡೆ. ಎರಡು ಜೋಡಿಗಳನ್ನು, ಎಂದರೆ ನಾಲ್ಕು ಕಡ್ಡಿಗಳನ್ನು, ಒಂದು ಗುಂಡುಸೂಜಿಗೆ ತೂಗುಹಾಕಬೇಕು. ದಾಟು, ಹೊರಳು, ದಾಟು, ಹೊರಳು, ಹೀಗೆಯೇ ಮುಂದುವರಿಯಬೇಕು. ನಾಲ್ಕಾರು ಸಲ ಆದೊಡನೆ ಜೋಡಿಗಳನ್ನು ಎರಡು ಪಕ್ಕಗಳಿಗೆ ಮೆಲ್ಲನೆ ಎಳೆದರೆ ಜಡೆ ಬಿಗಿಯುತ್ತದೆ. ಒಂದು ಗೇಣುದ್ದವಾದರೆ ಪುಸ್ತಕದಲ್ಲಿಡುವ ಗುರುತುಪಟ್ಟಿಯಾಗುತ್ತದೆ. ಇದರಲ್ಲಿ ನಕ್ಷೆಯಿಲ್ಲ, ಕೈಗೆ ಎರಡು ಚಲನೆಗಳು ಒಗ್ಗುವುದೇ ಉದ್ದೇಶ.

ಎರಡನೆಯ ಅಭ್ಯಾಸ: ನೇಯ್ದಂತಿರುವ ಪಟ್ಟಿ. ಗ್ರಾಫ್ ಕಾಗದದ ಮೇಲೆ ಒಂದೂವರೆ ಸೆಂಟಿಮೀಟರ್ ಅಂತರದಲ್ಲಿ ಎರಡು ಉದ್ದಗೆರೆಗಳನ್ನೆಳೆದು, ಒಂದೊಂದರ ಮೇಲೂ 4 ಮಿಲಿಮೀಟರಿಗೊಂದು ಚುಕ್ಕೆಯಿಡಬೇಕು. ಎಡಗೆರೆಯ ಎರಡು ಚುಕ್ಕೆಗಳ ನಡುವೆ ಬಲಗೆರೆಯ ಒಂದು ಚುಕ್ಕೆ ಬರುವಂತೆ ಅವು ಓರೆಯಾಗಿರಬೇಕು. ಕಾಗದವನ್ನು ರಟ್ಟಿನ ಮೇಲಿಟ್ಟು ಚುಕ್ಕೆಗಳನ್ನು ಸೂಜಿಯಿಂದ ಚುಚ್ಚಿದರೆ ನಕ್ಷೆ ಸಿದ್ಧ. ಇದಕ್ಕೆ ಏಳು ಜೋಡಿಗಳು ಬೇಕು: ಆರು ಹಾಸಾಗಿ ನೇರ ಇಳಿಯುತ್ತವೆ, ಒಂದು ಹೊಕ್ಕಾಗಿ ಅತ್ತಿತ್ತ ಓಡುತ್ತದೆ. ಹೊಕ್ಕಿನ ಜೋಡಿಯು ಪ್ರತಿಯೊಂದು ಹಾಸಿನ ಜೋಡಿಯೊಡನೆಯೂ ದಾಟು, ಹೊರಳು, ದಾಟು ಎಂಬ ಮೂರು ಚಲನೆಗಳನ್ನು ಮಾಡಿ ಮುಂದಕ್ಕೆ ಸಾಗಬೇಕು. ಅಂಚನ್ನು ಮುಟ್ಟಿದಾಗ ಹೊಕ್ಕಿನ ಜೋಡಿಯನ್ನು ಎರಡು ಸಲ ಹೊರಳಿಸಿ, ಅದಕ್ಕೂ ಕೊನೆಯ ಹಾಸಿಗೂ ನಡುವೆ ಗುಂಡುಸೂಜಿ ಚುಚ್ಚಿ, ಸೂಜಿಯನ್ನು ಬಳಸಿ ಹಿಂದಿರುಗಬೇಕು. ಹತ್ತು ಸಾಲಾದೊಡನೆ ಮಗ್ಗವಿಲ್ಲದೆಯೇ ಬಟ್ಟೆ ಹುಟ್ಟಿದುದನ್ನು ಕಾಣಬಹುದು. ಹಾಸುಹೊಕ್ಕು ಎಂಬ ನಮ್ಮ ಹಳೆಯ ಮಾತಿನ ಅರ್ಥ ಬೆರಳ ತುದಿಗೆ ತಿಳಿಯುವುದು ಆಗಲೇ.

ಮೂರನೆಯ ಅಭ್ಯಾಸ: ಜಾಲರಿಯ ಪಟ್ಟಿ. ಅದೇ ಏಳು ಜೋಡಿ, ಅದೇ ನಕ್ಷೆ. ಆದರೆ ಪ್ರತಿ ಭೇಟಿಯಲ್ಲಿ ದಾಟು, ಹೊರಳು ಎಂಬ ಎರಡು ಚಲನೆಗಳು ಮಾತ್ರ. ಕೊನೆಯ ದಾಟನ್ನು ಕೈಬಿಟ್ಟ ಮಾತ್ರಕ್ಕೆ ಪರಿಣಾಮ ಪೂರ್ತಿಯಾಗಿ ಬದಲಾಗುತ್ತದೆ. ಹೊಕ್ಕಿನ ಜೋಡಿ ಒಡೆದು, ಅದರ ಒಂದು ಎಳೆ ಮಾತ್ರ ಅಡ್ಡವಾಗಿ ಸಾಗುತ್ತದೆ. ಉಳಿದವು ಓರೆಯಾಗಿ ಹರಿದು ಬಲೆಯಾಗುತ್ತವೆ. ಇಲ್ಲಿಗೆ ಬಂದಮೇಲೆ ಕಲಿಯುವವರು ತಾವೇ ಹೊಸ ನಕ್ಷೆಯನ್ನು ಬರೆಯಬೇಕು. ಕೆಲವು ಸಾಲು ಬಟ್ಟೆಯಂತೆ, ಕೆಲವು ಸಾಲು ಬಲೆಯಂತೆ ಬರುವಂತೆ ಮಾಡಿ, ಎಲೆಯನ್ನೋ ಮೆಟ್ಟಿಲನ್ನೋ ಮೂಡಿಸಬಹುದು. ತಾನು ಚುಕ್ಕೆಯಿಟ್ಟು ಚುಚ್ಚಿದ ನಕ್ಷೆಯ ಮೇಲೆ ಹೆಣೆದವಳು ಅಂದಿಗೆ ಕೂಲಿಯವಳಲ್ಲ, ಕರ್ತೃ. ಮೂರನೆಯ ಪಾಠವನ್ನು ಬಿಟ್ಟು ಮೊದಲೆರಡನ್ನು ಮಾತ್ರ ಕಲಿಸುವುದು ಸಾಧ್ಯ. ವರ್ತಕನು ನಕ್ಷೆಯನ್ನು ತನ್ನಲ್ಲಿಟ್ಟುಕೊಂಡ ಪದ್ಧತಿಯಲ್ಲಿ ಆದುದು ಅದೇ.

೭. ಒಂದು ಪ್ರಯೋಗ ಮತ್ತು ಉಪಸಂಹಾರ

ಈ ಅಭ್ಯಾಸಗಳನ್ನು ನಾವು ಜಯನಗರದ ಮನೆಯೊಂದರ ಹಜಾರದಲ್ಲಿ ಹನ್ನೊಂದು ಮಂದಿ ವಿದ್ಯಾರ್ಥಿಗಳೊಡನೆ ಮೂರು ಭಾನುವಾರ ಮಾಡಿ ನೋಡಿದೆವು. ಮೊದಲ ದಿನ ನಮ್ಮ ಪಟ್ಟಿಯಲ್ಲಿಯೇ ಐದನೆಯ ಸಾಲಿನಲ್ಲಿ ತೂತು ಬಿದ್ದಿತು. ಕಾರಣವನ್ನು ಕಂಡುಹಿಡಿದವಳು ಒಬ್ಬ ವಿದ್ಯಾರ್ಥಿನಿ. “ಮೂರನೇ ಜೋಡೀಲಿ ಒಂದು ದಾಟು ಬಿಟ್ಟಿದೀರಿ ಮೇಡಂ” ಎಂದು ಆಕೆ ದಿಂಬನ್ನು ಮುಟ್ಟದೆಯೇ, ಮೇಲಿನಿಂದ ನೋಡಿ ಹೇಳಿದಳು. ಉಳಿದವರು ಜಡೆಯನ್ನು ಮುಗಿಸುವ ವೇಳೆಗೆ ಆಕೆಯ ಪಟ್ಟಿ ಅರ್ಧವಾಗಿತ್ತು. ಎಲ್ಲಿ ಕಲಿತೆಯೆಂದು ಕೇಳಿದರೆ, ಏನನ್ನೂ ಕಲಿತಿಲ್ಲವೆಂದಳು. ಎರಡನೆಯ ಭಾನುವಾರ ತಾನಾಗಿಯೇ ತಿಳಿದುಬಂದಿತು: ಬನಶಂಕರಿಯ ಕಡೆ ಇರುವ ಅವರ ಮನೆಯಲ್ಲಿ ತಾಯಿ ಹಲವು ವರ್ಷಗಳಿಂದ ಕುಚ್ಚು ಕಟ್ಟುತ್ತಾರೆ, ಮದುವೆಯ ತಿಂಗಳುಗಳಲ್ಲಿ ಮಗಳೂ ರಾತ್ರಿ ಜೊತೆಗೆ ಕೂರುತ್ತಾಳೆ. ಆಕೆಯ ಪ್ರವೇಶಪತ್ರದಲ್ಲಿ ತಾಯಿಯ ಉದ್ಯೋಗವೆಂಬ ಅಂಕಣದಲ್ಲಿ ‘ಗೃಹಿಣಿ’ ಎಂದಿತ್ತು. ಅದನ್ನು ತುಂಬಿದವಳೂ ಆಕೆಯೇ. ಓದಿ ಸಹಿ ಹಾಕಿದವರು ನಾವೇ.

ನರಸಾಪುರದ ಬಗೆಗೆ ಮೀಸ್ ಅವರು ಬರೆದುದನ್ನು ನಾವು ತರಗತಿಯಲ್ಲಿ ಅನೇಕ ಸಲ ಪಾಠ ಹೇಳಿದ್ದೇವೆ. ಅದೇ ಸಂಗತಿ ನಮ್ಮ ಮೇಜಿನ ಮೇಲಿನ ಕಾಗದದಲ್ಲಿದ್ದುದು ಮಾತ್ರ ಕಣ್ಣಿಗೆ ಬೀಳಲಿಲ್ಲ. ದಿಂಬು, ಸೂಜಿ, ಕಡ್ಡಿಗಳನ್ನು ಹಿಡಿದು ಕುಳಿತಮೇಲೆ ಕಂಡಿತು. ಮೂರನೆಯ ಭಾನುವಾರ ಆ ವಿದ್ಯಾರ್ಥಿನಿ ತನ್ನ ತಾಯಿಯನ್ನು ಕರೆತಂದಳು. ಆಕೆ ಒಂದು ಗಂಟೆಯ ಹೊತ್ತು ಮಾತನಾಡದೆ ನೋಡುತ್ತಿದ್ದು, ಗ್ರಾಫ್ ಕಾಗದವನ್ನು ಕೇಳಿ ಪಡೆದು, ತಾವು ಕಟ್ಟುವ ಕುಚ್ಚೊಂದನ್ನು ಚುಕ್ಕೆಗಳಲ್ಲಿ ಬರೆದರು. ಅಂಗಡಿಯವರು ತೋರಿಸುವ ಚಿತ್ರವನ್ನು ನೋಡಿ ಕಟ್ಟುವುದೇ ಅದುವರೆಗಿನ ಅವರ ರೂಢಿ. ಬರೆದುದು ಅದೇ ಮೊದಲು.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಬಾಬಿನ್ ಲೇಸು ಮತ್ತು ಕುಚ್ಚು ಒಂದೇ ಬಗೆಯ ಕ್ರಿಯೆಯಿಂದ ಹುಟ್ಟಿ, ಉಡುಪಿನ ರಚನೆಯ ಭೇದದಿಂದ ಬೇರೆ ದಾರಿಗಳನ್ನು ಹಿಡಿದವು. ಎರಡು, ಈ ಕಲೆಗಳಲ್ಲಿ ಕೈಚಳಕವು ದುಡಿಯುವವಳ ಬಳಿಯೇ ಇದ್ದರೂ ನಕ್ಷೆಯು ಯಾರ ಬಳಿಯಿತ್ತೆಂಬುದೇ ಲಾಭವು ಯಾರಿಗೆ ಸೇರಿತೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿತು. ಮೂರು, ಆದುದರಿಂದ ಹೊಸಬರಿಗೆ ಹೆಣಿಗೆಯೊಡನೆ ನಕ್ಷೆ ಬರೆಯುವುದನ್ನೂ ಕಲಿಸಿದಾಗ ಮಾತ್ರ ಆ ಬೋಧನೆ ಪೂರ್ಣವೆನಿಸುತ್ತದೆ.

ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಸುತ್ತಿನ ಬಡಾವಣೆಗಳಲ್ಲಿ ಕುಚ್ಚು ಕಟ್ಟುವವರ ಮಾದರಿಗಳನ್ನು ಸಂಗ್ರಹಿಸಿ, ಕಟ್ಟಿದವರ ಒಪ್ಪಿಗೆ ಪಡೆದು, ಪ್ರತಿಯೊಂದರ ನಕ್ಷೆಯನ್ನೂ ಅವರ ಹೆಸರಿನಲ್ಲಿಯೇ ದಾಖಲಿಸಿಡುವುದು ಯೋಗ್ಯವೆಂದು ನಾವು ಸೂಚಿಸುತ್ತೇವೆ. ಜ್ಯೂರಿಕ್ಕಿನ ಆ ಶಿಕ್ಷಕಿಯ ಹೆಸರಿನಲ್ಲಿ ಎರಡು ಅಕ್ಷರಗಳಾದರೂ ಉಳಿದಿವೆ. ಬನಶಂಕರಿಯ ಕುಚ್ಚಿನ ಕರ್ತೃಗಳಿಗೆ ಅಷ್ಟಾದರೂ ಸಲ್ಲಬೇಕು.